ಧೂಳಿಗೆ ಮಾತಿಲ್ಲ

ದೀಪಾವಳಿ ಕಳೆದು ಹತ್ತಿ ಬಿಡಿಸುವ ಕೆಲಸ ಭರದಿಂದ ನಡೆದಿತ್ತು. ಊರ ಸುತ್ತಲಿನ ಕರಿನೆಲದ ಹೊಲಗಳಲ್ಲಿ ನಸುಕಿನಿಂದಲೇ ಹೆಂಗಸರು ಉಡಿ ಕಟ್ಟಿಕೊಂಡು ಸಾಲು ಹಿಡಿಯುತ್ತಿದ್ದರು. ನಮ್ಮ ಓಣಿಯ ತುದಿಗಿರುವ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ಬೆಳಗಾದರೆ ಶುರುವಾಗುತ್ತಿತ್ತು. ಅದು ಶುರುವಾಯಿತೆಂದರೆ ಕಾಲ ಕೆಳಗಿನ ನೆಲ ಸಣ್ಣಗೆ ನಡುಗುತ್ತದೆ, ಗಾಳಿಯ ತುಂಬ ಅರಳೆ ಹಾರುತ್ತದೆ. ಒಣಹಾಕಿದ ಸೀರೆ, ಬಿಸಿಲಿಗಿಟ್ಟ ಹಪ್ಪಳ, ಮಲಗಿದ ನಾಯಿಯ ಬೆನ್ನು, ಎಲ್ಲದರ ಮೇಲೂ ಬಿಳಿ ನವಿರು ಕೂರುತ್ತದೆ. ಅದನ್ನು ನಾವು ಕಸಬರಿಗೆಯಿಂದ ಗುಡಿಸುವುದಿಲ್ಲ. ಒದ್ದೆ ಅರಿವೆಯಿಂದ ಒತ್ತಿ ತೆಗೆದು ಬುಟ್ಟಿಗೆ ಹಾಕುತ್ತೇವೆ. ಊರಿಗೆ ಊರೇ ಅದರಿಂದ ಉಣ್ಣುತ್ತದೆ, ಅದನ್ನು ಕಸವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ನಾನು ಹೊಸ್ತಿಲ ಹತ್ತಿರ ಕೂತು ಕೌದಿ ಹೊಲಿಯುತ್ತಿದ್ದೆ. ನಮ್ಮ ಮನೆಯವರು ಆ ಮಿಲ್ಲಿನಲ್ಲೇ ಯಂತ್ರ ರಿಪೇರಿ ಮಾಡುವವರು. ಬುತ್ತಿ ಕಟ್ಟಿಸಿಕೊಂಡು ಆಗಲೇ ಹೋಗಿದ್ದರು. ಒಳಗೆ ಅತ್ತೆ ತುಂಗವ್ವ ಮಲಗಿದ್ದಳು.

ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಬೆನ್ನ ಮೇಲೆಯೇ ಇರಬೇಕು, ಮಗ್ಗಲು ಹೊರಳಬಾರದು ಎಂದು ಡಾಕ್ಟರು ಹೇಳಿದ್ದರು. ಆಕೆಗೆ ಕಾಣುತ್ತಿದ್ದುದು ಮಾಳಿಗೆಯ ತೊಲೆಗಳು, ಜಂತಿಗಳು, ಅವುಗಳ ನಡುವೆ ಹಿಡಿದ ಹೊಗೆಗಪ್ಪು, ಅಷ್ಟೇ. ಸಂತೆಯ ಬದನೆಕಾಯಿಯವನಿಂದ ಮಿಲ್ಲಿನ ಮಾಲಕನ ತನಕ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸಿದ ಹೆಂಗಸು ಅವಳು. ಕುಸ್ತಿ ನಡೆದಲ್ಲಿ ಗಂಡಸರ ಸಾಲಿನಲ್ಲಿ ಕೂತು, ಸೋತವನ ಅಪ್ಪನನ್ನೂ ಬಿಡದೆ ಬೈದು ಬರುತ್ತಿದ್ದಳು. ಮಲಗಿದ ಮೇಲೆ ಮೊದಮೊದಲು ನನ್ನನ್ನು ಬೈದಳು, ಆಮೇಲೆ ಡಾಕ್ಟರನ್ನು ಬೈದಳು, ಆಮೇಲೆ ಯಾರನ್ನೂ ಬೈಯಲಿಲ್ಲ. ಅಲ್ಲಿಂದ ನನಗೆ ಹೆದರಿಕೆ ಶುರುವಾಯಿತು. ರೊಟ್ಟಿ ಮುರಿದು ಬಾಯಿಗಿಟ್ಟರೆ ಎರಡು ತುತ್ತು ನುಂಗಿ ತುಟಿ ಮುಚ್ಚುತ್ತಿದ್ದಳು. ಕೈಯ ಬಳೆ ಮೊಣಕೈ ತನಕ ಜಾರುವಷ್ಟು ಇಳಿದುಹೋಗಿದ್ದಳು.

"ಏನವ್ವಾ ಕಾಶವ್ವಾ, ನಿಮ್ಮತ್ತಿ ಸದ್ದ ಇಲ್ಲಲ್ಲ. ಯಾರಿಗೆ ಏನ ಮಾರಿದ್ಲ?" ಎಂದು ಓಣಿಯಲ್ಲಿ ಹೋಗುವವರು ಚೇಷ್ಟೆ ಮಾಡುತ್ತಿದ್ದರು.

ನಮ್ಮೂರಲ್ಲಿ ಯಾರಾದರೂ ಸುಮ್ಮನಿದ್ದರೆ ಕೇಳುವ ಮೊದಲ ಪ್ರಶ್ನೆಯೇ ಅದು. ಒಂದು ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವಾಗ ಅದರ ಮೇಲೆ ಆಡಿದ ಮಾತು ಸುಳ್ಳಾಯಿತೆಂದರೆ ಆಡಿದವರ ದನಿ ಹೋಗುತ್ತದೆ. ಸರಿ ಮಾಡಿಕೊಟ್ಟ, ಇಲ್ಲವೆ ಬದಲಿ ಕೊಟ್ಟ ಕ್ಷಣಕ್ಕೆ ತಿರುಗಿ ಬರುತ್ತದೆ. ಹೀಗಾಗಿ ನಮ್ಮಲ್ಲಿ ಎಮ್ಮೆ ಮಾರುವವರು ಹಾಲಿನ ಮಾತೇ ಎತ್ತುವುದಿಲ್ಲ. "ಮೇಯ್ತೈತಿ, ಮಲಗ್ತೈತಿ" ಎನ್ನುತ್ತಾರೆ. ಕಲ್ಲಂಗಡಿ ಮಾರುವವಳು ಹಣ್ಣಿನ ಸಿಪ್ಪೆಯನ್ನು ಮಾತ್ರ ಹೊಗಳುತ್ತಾಳೆ. ಚಪ್ಪಲಿ ಅಂಗಡಿಯವನು "ಎರಡೂ ಕಾಲಿಗೆ ಒಂದೊಂದ ಅದಾವು ನೋಡ್ರಿ" ಎಂಬಲ್ಲಿಗೆ ನಿಲ್ಲಿಸುತ್ತಾನೆ. ಇಷ್ಟಾಗಿಯೂ ಸಂತೆಯ ಮರುದಿನ ಒಬ್ಬಿಬ್ಬರು ಬಾಯಿ ಸತ್ತವರು ಕೈಸನ್ನೆ ಮಾಡುತ್ತ ಮನೆ ಮನೆ ತಿರುಗುತ್ತಿರುತ್ತಾರೆ. ಮಾರಿದ್ದರಲ್ಲಿ ಯಾವುದು ಕೆಟ್ಟಿತೆಂದು ಅವರಿಗೂ ಗೊತ್ತಿರುವುದಿಲ್ಲವಲ್ಲ. "ನಮ್ಮ ಕೊಡ ಸೋರಿಲ್ಲಪಾ, ಮುಂದಿನ ಮನಿ ನೋಡು" ಎಂದು ನಾವು ಕೆಲಸ ಬಿಡದೆ ಹೇಳಿ ಕಳಿಸುತ್ತೇವೆ.

ಆ ದಿನ ಮಧ್ಯಾಹ್ನ ದಾರ ತರಲು ಪೇಟೆಗೆ ಹೋದವಳು ವೃಷಭೇಂದ್ರಪ್ಪ ಸಾವ್ಕಾರರ ಅಂಗಡಿ ಮುಂದೆ ನಿಂತುಬಿಟ್ಟೆ. ಫ್ಯಾನು, ಮಿಕ್ಸರು, ಟಿವಿ ಮಾರುವ ಅಂಗಡಿ ಅದು. ಗೋಡೆಯ ಮೇಲೆ ಚಿತ್ರ ಬಿಡುವ ಹೊಸ ಪ್ರೊಜೆಕ್ಟರು ಬಂದಿತ್ತು. ಆಳು ಅದನ್ನು ಒರೆಸಲೆಂದು ಅಂಗಾತ ಮಲಗಿಸಿದ್ದ, ಆರಿಸುವುದನ್ನು ಮರೆತಿದ್ದ. ಅಂಗಡಿಯ ಮೇಲ್ಛಾವಣಿಯ ತುಂಬ ಒಂದು ಹೊಳೆ ಹರಿಯುತ್ತಿತ್ತು. ಕುತ್ತಿಗೆ ನೋಯುವ ತನಕ ನೋಡಿದೆ. ದಾರ ಮರೆತು ಮನೆಗೆ ಬಂದೆ.

"ಕೌದಿ ರೊಕ್ಕಾ ಕೂಡಿಟ್ಟೇನಲ್ರಿ, ಅದನ್ನ ತರೂಣು" ಎಂದೆ ಮನೆಯವರಿಗೆ.

ಅವರು ಬೇಡ ಅನ್ನಲಿಲ್ಲ. ಮೇಲೆ ನೋಡಿದರು, ಅವ್ವನ ಮುಖ ನೋಡಿದರು. "ತರೂದಾದ್ರ ಮಲಕಾಜಪ್ಪನ ಅಂಗಡ್ಯಾಗ ತರೂಣು. ಐದು ವರ್ಷ ಗ್ಯಾರಂಟಿ ಅಂತ ಬೋರ್ಡ ಹಾಕ್ಯಾನ. ಸಾವ್ಕಾರ ಭಾಳಂದ್ರ ಎರಡು ಸುಗ್ಗಿ ಕೊಟ್ಟಾನು."

"ಬೋರ್ಡ ಹಾಕ್ಯಾನ. ಬಾಯಿಲೆ ಹೇಳ್ಯಾನೇನು?"

"ಹೆಂಗ ಹೇಳ್ತಾನ ಮಾರಾಯ್ತಿ? ಅವಗ ದನಿನ ಇಲ್ಲ."

"ನಾನೂ ಅದನ್ನ ಹೇಳಾಕತ್ತೀನಿ."

ಮಲಕಾಜಪ್ಪ ಹಿಂದೊಮ್ಮೆ ಯಾರಿಗೋ ನೀರಿನ ಪಂಪು ಮಾರಿದ್ದ. ಕೊಂಡವನು ಪಂಪಿನ ಸಮೇತ ಯಾವುದೋ ಸೀಮೆಗೆ ಹೊರಟುಹೋದ. ಅಲ್ಲಿ ಅದು ಕೆಟ್ಟಿತು, ಇಲ್ಲಿ ಮಲಕಾಜಪ್ಪನ ದನಿ ನಿಂತಿತು. ಹುಡುಕಿ ಸೋತ. ಆಮೇಲೆ ಅವನಿಗೆ ಯಾವ ಅಂಜಿಕೆಯೂ ಉಳಿಯಲಿಲ್ಲ. ಮೂರು ವರ್ಷ, ಐದು ವರ್ಷ, ಒಮ್ಮೆ ಒಂದು ಇಸ್ತ್ರಿ ಪೆಟ್ಟಿಗೆಗೆ ಜೀವನಪರ್ಯಂತ ಎಂದೂ ಬರೆದು ತೂಗುಹಾಕಿದ್ದ. ಪರಊರಿನವರು ಆ ಬೋರ್ಡು ನೋಡಿ ಖುಷಿಯಿಂದ ಕೊಳ್ಳುತ್ತಾರೆ. ಊರವರು ಅವನ ಅಂಗಡಿಯಲ್ಲಿ ಬಲ್ಬು ಕೊಂಡರೂ ಅಲ್ಲೇ ಹಚ್ಚಿ ನೋಡಿ ಒಯ್ಯುತ್ತಾರೆ.

"ಕಳಕೊಳ್ಳೂದು ಏನೂ ಇಲ್ಲದಾವ ಐದಲ್ಲ, ಐವತ್ತು ವರ್ಷ ಬರೀತಾನ್ರಿ. ಸಾವ್ಕಾರ್ರಿಗೆ ದನಿ ಅಂದ್ರ ಜೀವ. ಅವರು ಕೊಡೂದು ಎರಡ ಸುಗ್ಗಿ ಇರಲಿ, ಅದಕ್ಕ ತೂಕ ಐತಿ."

ಇದು ಮನೆಯವರಿಗೂ ಗೊತ್ತಿದ್ದ ವಿಷಯವೇ. ವೃಷಭೇಂದ್ರಪ್ಪನವರು ಪೇಟೆಯ ದಿನ ಹತ್ತಿಯ ಲಿಲಾವು ಕೂಗುವವರು, ಹರಾಜಿನ ದನಿ ಅವರದೇ. ಎತ್ತರದ ಕಟ್ಟೆಯ ಮೇಲೆ ನಿಂತು ಅವರು ದರ ಕೂಗಿದರೆ ಮೈಕು ಬೇಕಿರಲಿಲ್ಲ, ಹೊಲದಲ್ಲಿದ್ದವರಿಗೂ ಕೇಳುತ್ತಿತ್ತು. ಇಷ್ಟು ವರ್ಷದ ವ್ಯಾಪಾರದಲ್ಲಿ ಒಮ್ಮೆಯೂ ಅವರ ದನಿ ಹೋಗಿರಲಿಲ್ಲ. ಕೊಡುವ ಪ್ರತಿ ಮಾತಿಗೂ 'ಆದರ' ಎಂದು ಒಂದು ಷರತ್ತು ಹಚ್ಚಿ ಕೊಡುತ್ತಿದ್ದರು. ಹೆಂಗಸರೆಲ್ಲ ಅವರಿಗೆ ಆದರಪ್ಪ ಎಂದು ಹೆಸರಿಟ್ಟಿದ್ದೆವು.

ಮರುದಿನ ನಾವಿಬ್ಬರೂ ಹೋದೆವು. ಸಾವ್ಕಾರರು ಕನ್ನಡಕ ಏರಿಸಿ ಕಂಪನಿಯ ವಾರಂಟಿ ಕಾಗದ ಬಿಚ್ಚಿದರು.

"ಮಷಿನ್ನಿಗೆ ಎರಡು ವರ್ಷ ಕೊಟ್ಟಾರವ್ವಾ. ಆದರ ದೀಪಕ್ಕ ಒಂದ ವರ್ಷ."

"ಕಂಪನಿ ಕಾಗದಕ್ಕ ಗಂಟಲ ಇಲ್ರಿ ಸಾವ್ಕಾರ್ರ. ನಿಮ್ಮ ಮಾತು ಹೇಳ್ರಿ."

ಅವರು ನಕ್ಕರು. "ತುಂಗವ್ವನ ಸೊಸಿ ಹೌದ ನೀ. ಆತು. ಮಷಿನ್ನಿಗೆ ಎರಡು ಸುಗ್ಗಿ, ದೀಪಕ್ಕ ಒಂದು."

"ದೀಪ ಇಲ್ಲದ ಮಷಿನ್ ಅಂದ್ರ ಡಬ್ಬಿ. ಎರಡನೇ ಸುಗ್ಗ್ಯಾಗ ನಾವು ಡಬ್ಬಿ ನೋಡ್ಕೋತ ಕುಂದ್ರೂದೇನ್ರಿ?"

ಮನೆಯವರು ನನ್ನ ಸೆರಗು ಜಗ್ಗಿದರು. ನಾನು ಜಗ್ಗಿಸಿಕೊಳ್ಳಲಿಲ್ಲ. ಸಾವ್ಕಾರರು ಪೆಟ್ಟಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿದರು, ಆಳಿಗೆ ಚಹಾ ಹೇಳಿದರು, ಯಾರೋ ಬಂದು ಫ್ಯಾನಿನ ಬೆಲೆ ಕೇಳಿದರೆ ಅವರಿಗೆ ಉತ್ತರ ಕೊಟ್ಟರು. ಚಹಾ ಮುಗಿದ ಮೇಲೆ "ಹಗಲೂ ರಾತ್ರಿ ಹಚ್ಚಿ ಇಡಬಾರದು. ಇಡದಿದ್ರ ದೀಪಕ್ಕೂ ಎರಡು" ಎಂದರು.

"ಇನ್ನೊಂದ್ರಿ. ನಾವು ಇದನ್ನ ಮುಖ ಮ್ಯಾಲ ಮಾಡಿ ಇಡಾವ್ರು."

"ಮ್ಯಾಲ? ಯಾಕ? ಅದು ಕಾಗದದಾಗ ಇಲ್ಲ. ಹಂಗ ಇಟ್ರ ಕಂಪನಿ ಒಪ್ಪೂದಿಲ್ಲ, ನಾನೂ ಒಪ್ಪೂದಿಲ್ಲ."

ಆಗ ಅತ್ತೆಯ ವಿಷಯ ಹೇಳಿದೆ. ಜಂತಿಯ ಕೆಳಗೆ ಧೋತರ ಬಿಗಿದು ಅದರ ಮೇಲೆ ಚಿತ್ರ ಬೀಳಿಸಬೇಕೆಂದಿದ್ದೇನೆ, ಇಲ್ಲದಿದ್ದರೆ ಈ ಮಷಿನ್ನು ನನಗೆ ಬೇಕಾಗಿಯೇ ಇಲ್ಲ ಎಂದೆ. ಅವಳು ಉಣ್ಣುವುದಿಲ್ಲ ಎಂದೆ. ಬೈಯುವುದೂ ಇಲ್ಲ ಎಂದೆ.

"ಬೈಯೂದಿಲ್ಲ?" ಸಾವ್ಕಾರರ ಕನ್ನಡಕ ಮೂಗಿನ ತುದಿಗೆ ಇಳಿಯಿತು. "ತುಂಗವ್ವ ಬೈಯೂದಿಲ್ಲ? ಹತ್ತಿ ಪ್ಯಾಟ್ಯಾಗ ನನ್ನ ಎದುರಿಗೆ ನಿಂತು, 'ಏ ವೃಷಭ್ಯಾ, ಗಂಟಲಾಗ ಬೆಲ್ಲಾ ಇಟ್ಕೊಂಡಿ ಏನೋ, ದರಾ ಮ್ಯಾಲ ಏರವೊಲ್ಲದು' ಅಂದಾಕಿ ಆಕಿ." ಕನ್ನಡಕ ತೆಗೆದು ಒರೆಸಿದರು. "ಆತು. ಮ್ಯಾಲ ಮುಖ ಮಾಡಿ ಇಡ್ರಿ. ಅದಕ್ಕೂ ನನ್ನ ಮಾತೈತಿ. ಆದರ ನೀರು ಬಿದ್ರ ಮಾತಿಲ್ಲ. ಕೈ ಜಾರಿ ನೆಲಕ್ಕ ಬಿದ್ರ ಮಾತಿಲ್ಲ. ಧೂಳು ಹೊಕ್ಕು ಕೆಟ್ರ, ಧೂಳಿಗೆ ಮಾತಿಲ್ಲ."

"ಧೂಳಂದ್ರ ಯಾವುದ್ರಿ?"

"ಧೂಳಂದ್ರ ಧೂಳು. ಹಾದಿ ಮ್ಯಾಲಿನ ಮಣ್ಣು. ಧೂಳಿಗೆ ಎಷ್ಟ ಅರ್ಥ ಇರ್ತಾವ ಕಾಶವ್ವಾ?"

ನಾನು ಮತ್ತೆ ಕೇಳಲಿಲ್ಲ. ನಮ್ಮ ಓಣಿಗೆ ಕಲ್ಲು ಹಾಸಿದ್ದಾರೆ. ದಿನಾ ನೀರು ಹೊಡೆಯುತ್ತೇವೆ. ಅಲ್ಲಿ ಮಣ್ಣು ಏಳುವುದು ಕಡಿಮೆ. ನಮ್ಮ ಮನೆಗೆ ಬಂದು ಬೀಳುವುದು ಬೇರೆ, ಅದರ ಹೆಸರನ್ನು ಅವರು ಎತ್ತಿರಲಿಲ್ಲ. ಹತ್ತಿ ಪೇಟೆಯ ಕಟ್ಟೆಯ ಮೇಲೆ ಬಾಳೆಲ್ಲ ನಿಂತ ಮನುಷ್ಯ ಅವರು. ಅರಳೆ ಒಂದು ವಸ್ತುವನ್ನು ಕೆಡಿಸಬಲ್ಲದು ಎಂಬ ಯೋಚನೆಯೇ ಅವರ ತಲೆಗೆ ಬರುವಂತಿರಲಿಲ್ಲ.

ಅವರು ಒಂದು ಗುಟುಕು ನೀರು ಕುಡಿದು, ಪೆಟ್ಟಿಗೆಯ ಮೇಲೆ ಕೈಯಿಟ್ಟು, ನನ್ನ ಮುಖ ನೋಡಿ ಮಾತು ಕೊಟ್ಟರು. ನಾನು ಒಂದೊಂದು ಶಬ್ದಕ್ಕೂ ಕಿವಿಯಿಟ್ಟು ತಗೊಂಡೆ.

ಧೋತರ ಬಿಗಿಯುವುದಕ್ಕೆ ಅರ್ಧ ದಿನ ಹಿಡಿಯಿತು. ಮನೆಯವರು ಏಣಿ ಹತ್ತಿ ಜಂತಿಗೆ ಮೊಳೆ ಹೊಡೆದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಮಷಿನ್ನನ್ನು ಅಂಗಾತ ಇಟ್ಟು, ಫೋನಿನಿಂದ ಚಿತ್ರ ಹಚ್ಚಿ, ಬಾಗಿಲು ಮುಂದೆ ಮಾಡಿದೆವು. ಮಾಳಿಗೆಯ ತುಂಬ ಒಂದು ಕುಸ್ತಿ ಕಣ ಬಿಚ್ಚಿಕೊಂಡಿತು. ಕೆಂಪು ಮಣ್ಣು, ಎಣ್ಣೆ ಹಚ್ಚಿದ ತೋಳುಗಳು, ಸುತ್ತ ಜನ. ಅತ್ತೆ ಸದ್ದಿಗೆ ಕಣ್ಣು ತೆರೆದಳು. ಅವಳ ಕಣ್ಣು ಒಬ್ಬ ಪೈಲ್ವಾನನಿಂದ ಇನ್ನೊಬ್ಬನಿಗೆ ಹರಿದಾಡಿದವು. ನಾನು ಮನೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

"ಕಾಲ ನೋಡೋ ಅವಂದು, ಕಾಲ!" ಎಂದಳು ಅತ್ತೆ. ದನಿ ತುಕ್ಕು ಹಿಡಿದ ಅಗಳಿಯಂತಿತ್ತು. "ಕಾಲಿಗೆ ಕೈ ಹಾಕೋ ಹೇಡ್ಯಾ!"

ಮನೆಯವರು ಏಣಿ ಹೊರಗಿಡುವ ನೆವ ಮಾಡಿಕೊಂಡು ಹಿತ್ತಲಿಗೆ ಹೋದರು. ಬಂದಾಗ ಅವರ ಕಣ್ಣು ಕೆಂಪಾಗಿದ್ದವು.

ಆ ದಿನದಿಂದ ಅತ್ತೆಗೆ ಪುರುಸೊತ್ತಿಲ್ಲದ ಬಾಳು ಶುರುವಾಯಿತು. ಮುಂಜಾನೆ ಕುಸ್ತಿ, ಮಧ್ಯಾಹ್ನ ಅಡಿಗೆ, ಸಂಜೆ ಧಾರಾವಾಹಿ. ಅಡಿಗೆಯವಳು ರೊಟ್ಟಿ ಬಡಿಯುವುದನ್ನು ನೋಡಿ "ಅಯ್ಯ, ಕೂಸಿನ ಬೆನ್ನ ತಟ್ಟಿದಂಗ ತಟ್ಟತೈತಿ ನೋಡ ಅದು" ಎಂದು ಬೈದು, ಬೈದ ಸಿಟ್ಟಿಗೆ ತಾನೇ ಎರಡು ರೊಟ್ಟಿ ಉಂಡಳು. ಓಣಿಯ ಹೆಂಗಸರು ಕೆಲಸ ಮುಗಿಸಿ ಬಂದು ಮಂಚದ ಸುತ್ತ ಚಾಪೆ ಹಾಸಿ ಅವಳಂತೆಯೇ ಅಂಗಾತ ಮಲಗಿ ನೋಡುತ್ತಿದ್ದರು. "ನಾನೂ ಬೆನ್ನ ಮ್ಯಾಲ ಬಿದ್ದು ಚಿತ್ ಆಗೇನಿ ಖರೆ, ಕುಸ್ತಿ ಇನ್ನೂ ಮುಗದಿಲ್ಲ" ಎಂದು ಅವರಿಗೆ ಹೇಳುವಳು. ಬಳೆ ಮತ್ತೆ ಮಣಿಕಟ್ಟಿಗೆ ಬಂತು.

ಸುಗ್ಗಿ ಏರಿದಂತೆ ಮಿಲ್ಲು ಜೋರಾಯಿತು, ಅರಳೆಯೂ ಜೋರಾಯಿತು. ನಾನು ದಿನಾ ಮಷಿನ್ನನ್ನು ಮೆತ್ತನೆಯ ಅರಿವೆಯಿಂದ ಒರೆಸುತ್ತಿದ್ದೆ, ಆರಿಸಿದ ಮೇಲೆ ಕೂಸಿಗೆ ಕುಲಾವಿ ಹಾಕಿದಂತೆ ಮುಚ್ಚುತ್ತಿದ್ದೆ. ಆದರೂ ಒಳಗಿನ ಫ್ಯಾನು ಗಾಳಿ ಎಳೆಯುವಾಗ ಏನು ಎಳೆಯುತ್ತದೆ ಎಂಬುದನ್ನು ತಡೆಯುವುದು ನನ್ನ ಕೈಲಿರಲಿಲ್ಲ. ಪುಷ್ಯ ಮಾಸದ ಬನದ ಹುಣ್ಣಿಮೆಯ ಮುಂದಿನ ಪೇಟೆಯ ದಿನ, ವರ್ಷದಲ್ಲೇ ಹೆಚ್ಚು ಹತ್ತಿ ಬರುವ ದಿನ, ಮುಂಜಾನೆ ಅತ್ತೆ ಕುಸ್ತಿ ನೋಡುತ್ತಿದ್ದಳು. ಒಬ್ಬ ಇನ್ನೊಬ್ಬನನ್ನು ಸೊಂಟದ ಮಟ್ಟಕ್ಕೆ ಎತ್ತಿದ್ದ. ಚಿತ್ರ ಮಬ್ಬಾಯಿತು, ಫ್ಯಾನು ಕಿರುಚಿತು, ಸುಟ್ಟ ವಾಸನೆ ಬಂತು, ಮಾಳಿಗೆ ಕಪ್ಪಾಯಿತು.

"ಎತ್ತಿದ್ದ, ಎತ್ತಿದ್ದ, ಕೆಡವೂದರಾಗ ಹೋತು!" ಎಂದು ಅತ್ತೆ ಕೂಗಿದಳು. ನಾನು ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಅತ್ತೆಯ ಮುಖ ನಿಧಾನಕ್ಕೆ ಮೊದಲಿನಂತೆ ಆಗುವುದನ್ನು ನೋಡಿದೆ. ತೊಲೆ, ಜಂತಿ ಕಾಣದಂತೆ ಬಿಗಿದ ಬರಿಯ ಬಿಳಿ ಧೋತರ ಮೇಲೆ ಉಳಿದಿತ್ತು. ಅದು ತೊಲೆ ಜಂತಿಗಿಂತ ಕೆಟ್ಟದಾಗಿತ್ತು.

ಅದೇ ಹೊತ್ತಿಗೆ ಪೇಟೆಯಲ್ಲಿ ನಡೆದದ್ದನ್ನು ಆಮೇಲೆ ಎಲ್ಲರೂ ಹೇಳಿದರು. ಸಾವ್ಕಾರರು ಕಟ್ಟೆಯ ಮೇಲೆ ನಿಂತು ಮೊದಲ ರಾಶಿಯ ಲಿಲಾವು ಕೂಗುತ್ತಿದ್ದರಂತೆ. "ಒಂದನೇ ಸಲಾ... ಎರಡನೇ ಸಲಾ..." ಮೂರನೇ ಸಲ ಬರಲಿಲ್ಲ. ದರ ಏರಲಿ ಎಂದು ತಡೆದು ನಿಂತಿದ್ದಾರೆಂದು ಜನ ಕಾದರು. ಅವರು ಬಾಯಿ ತೆರೆದರು, ಮುಚ್ಚಿದರು, ಗಂಟಲು ಹಿಡಿದುಕೊಂಡರು. ಆಮೇಲೆ ರುಮಾಲು ಸರಿಮಾಡಿಕೊಂಡು ಕಟ್ಟೆ ಇಳಿದು, ಜೀವನದಲ್ಲಿ ಮೊದಲ ಸಲ ಮನೆ ಮನೆ ತಿರುಗಲು ಹೊರಟರು.

ರೂಢಿ ಇಲ್ಲದ ಮನುಷ್ಯ. ಒಂದು ಮನೆ ಮುಂದೆ ನಿಂತು ಬೆರಳು ಗರಗರ ತಿರುಗಿಸಿದರೆ ಅವರು "ಮಿಕ್ಸರ್ ಛಲೋ ಐತ್ರಿ" ಅನ್ನುವರು, ಇವರು ಕೇಳಿದ್ದು ಫ್ಯಾನಿನ ವಿಷಯ. ಹಿಂದೆ ದಲಾಲಿಗಳು, ಅವರ ಹಿಂದೆ ಹತ್ತಿ ತಂದ ರೈತರು. ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಅರ್ಧ ಪೇಟೆಯೇ ಓಣಿಯಲ್ಲಿತ್ತು. ಟ್ರ್ಯಾಕ್ಟರುಗಳೂ ಹಿಂದೆ ಬಂದು ನಿಂತಿದ್ದವು. ಮಿಲ್ಲಿನ ಮಾಲಕರೂ ಬಂದಿದ್ದರು, ಅವರ ಹಿಂದೆ ನಮ್ಮ ಮನೆಯವರು.

ಸಾವ್ಕಾರರು ನನ್ನ ಮುಖ ನೋಡಿದ ಕೂಡಲೇ ತಿಳಿದುಕೊಂಡರು. ಒಳಗೆ ಬಂದು ಮಷಿನ್ನು ನೋಡಿದರು, ಕಣ್ಣಲ್ಲಿ ಸ್ವಲ್ಪ ಆಸೆ ಮೂಡಿತು. ಹೊರಗೆ ಬಂದು ನೆಲಕ್ಕೆ ಬಾಗಿ, ಒಂದು ಚಿಟಿಕೆ ಮಣ್ಣು ಹಿಡಿದು ತೋರಿಸಿ, ಕೈ ಅಲ್ಲಾಡಿಸಿದರು. ಧೂಳಿಗೆ ಮಾತಿಲ್ಲ.

"ಒಳಗ ಏನೈತಿ ಅನ್ನೂದು ಬಿಚ್ಚಿ ನೋಡೂಣ್ರಿ" ಎಂದೆ.

ಮನೆಯವರೇ ಸ್ಕ್ರೂ ಬಿಚ್ಚಿದರು. ಮುಚ್ಚಳ ತೆಗೆದರೆ ಒಳಗೆ ಹಕ್ಕಿಯ ಗೂಡಿನಂತೆ ಬೆಳ್ಳಗೆ ತುಂಬಿತ್ತು. ನಾನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೆ. ಬಿಸಿಲಿಗೆ ಹೊಳೆಯಿತು.

"ಇದಕ್ಕೇನಂತೀರಿ ಸಾವ್ಕಾರ್ರ?"

ಅವರು ಏನೂ ಅನ್ನುವಂತಿರಲಿಲ್ಲ. ದನಿ ಇದ್ದರೂ ಅನ್ನುತ್ತಿರಲಿಲ್ಲ. ಕೈಯಲ್ಲಿದ್ದ ಮಣ್ಣನ್ನು ಉಟ್ಟ ಧೋತರಕ್ಕೆ ಒರೆಸಿಕೊಂಡರು. ಆಮೇಲೆ ಎರಡೂ ಕೈ ಜೋಡಿಸಿ, ಒಂದು ಕೈಯಿಂದ ಓಣಿಯ ಜನರನ್ನು ತೋರಿಸಿ, ನನ್ನ ಕಡೆ ನೋಡಿದರು. ನಮ್ಮೂರಲ್ಲಿ ಕೊಂಡವರು ಬಾಯಿಬಿಟ್ಟು "ನಿಮ್ಮ ಮಾತು ನಿಮಗ ತಿರುಗಿ ಕೊಟ್ಟೆ" ಅಂದರೂ ದನಿ ಬರುತ್ತದೆ. ಆದರೆ ಕೊಟ್ಟ ಮಾತು ಕೊಟ್ಟದ್ದೇ, ಆಮೇಲೆ ರಿಪೇರಿ ಕೇಳುವ ಹಕ್ಕಿಲ್ಲ.

"ಅಂದುಬಿಡವಾ ತಂಗಿ. ಒಂದ ಮಾತು. ಹೊತ್ತ ಏರಾಕತ್ತೈತಿ, ದೂರದಿಂದ ಬಂದೀವಿ" ಎಂದ ಒಬ್ಬ ರೈತ.

"ಸಾವ್ಕಾರ್ರು ಆಮ್ಯಾಲ ಮಾಡಿಕೊಡ್ತಾರ, ಎಲ್ಲಿ ಓಡಿ ಹೊಕ್ಕಾರ?" ಎಂದ ಇನ್ನೊಬ್ಬ.

ಮಾಲಕರು ಮನೆಯವರ ಕಿವಿಯಲ್ಲಿ ಏನೋ ಅಂದರು. ಮನೆಯವರು ನನ್ನ ಹತ್ತಿರ ಬಂದು ನಿಂತರು. "ಕಾಶಿ, ಬಿಟ್ಟುಕೊಡು. ನಾಳಿ ನಾ ಇದೇ ಮಿಲ್ಲಿನ್ಯಾಗ ದುಡೀಬೇಕು."

ಇಷ್ಟು ಜನರ ಮುಂದೆ ನಾನು ಯಾವತ್ತೂ ನಿಂತವಳಲ್ಲ. ಅವರ ಹತ್ತಿ ಬಿಸಿಲಲ್ಲಿ ನಿಂತಿದೆ ನಿಜ, ಅವರ ಮಕ್ಕಳೂ ಉಣ್ಣಬೇಕು ನಿಜ. ಆದರೆ ಒಳಗೆ ಆ ಬಿಳಿ ಧೋತರದ ಕೆಳಗೆ ಅತ್ತೆ ಮತ್ತೆ ಸುಮ್ಮನಾಗಿದ್ದಳು. ಒಮ್ಮೆ ಸುಮ್ಮನಾದವಳನ್ನು ಈ ಕಡೆ ಎಳೆದು ತರಲು ನನಗೆ ಎಷ್ಟು ಹಿಡಿದಿತ್ತೆಂದು ಈ ಓಣಿಯಲ್ಲಿ ನಿಂತವರಿಗೆ ಗೊತ್ತಿರಲಿಲ್ಲ.

"ಅನ್ನೂದಿಲ್ರಿ" ಎಂದೆ. "ನಮ್ಮತ್ತಿ ಚಿತ್ರ ನೋಡಿದ ಮ್ಯಾಲ ಸಾವ್ಕಾರ್ರ ದನಿ ತಾನ ಬರ್ತೈತಿ."

ಓಣಿ ಗುಜುಗುಜು ಅಂದಿತು. ಆಗ ಒಬ್ಬ ದಲಾಲಿ, ಬಿಳಿ ಟೋಪಿಯವನು, ಸಾವ್ಕಾರರ ಪರ ವಕಾಲತ್ತು ಹಿಡಿದು ಮುಂದೆ ಬಂದ. "ಏನವ್ವಾ, ಹೆಣ್ಣಮಗಳಂತ ಸುಮ್ಮನಿದ್ರ! ಧೂಳು ಹೊಕ್ರ ಮಾತಿಲ್ಲ ಅಂತ ಮೊದಲ ಹೇಳ್ಯಾರೋ ಇಲ್ಲೋ? ನಿನ್ನ ಕೈಯಾಗಿಂದು ಮತ್ತೇನು? ಧೂಳ ಅಲ್ಲೇನು ಅದು?"

ಗುಜುಗುಜು ನಿಂತಿತು. ನನ್ನ ಬೆರಳಲ್ಲಿ ಅರಳೆ ಗಾಳಿಗೆ ಅಲ್ಲಾಡುತ್ತಿತ್ತು.

"ಏನಂದಿ?" ಎಂದ ಮೊದಲಿನ ರೈತ. ಈಗಷ್ಟೇ ನನಗೆ ಬಿಟ್ಟುಕೊಡು ಅಂದವನೇ. "ಹತ್ತಿಗೆ ಏನಂದಿ?"

"ನಾನು... ಅದಕ್ಕ..."

"ನಮ್ಮ ಗಾಡ್ಯಾಗ ಇರೂದು ಏನ ಹಂಗಾದ್ರ? ಧೂಳು ಹೇರ್ಕೊಂಡು ಬಂದೇವೇನ ನಾವು?"

ಒಳಗಿನಿಂದ ಅತ್ತೆಯ ದನಿ ಸಿಡಿಯಿತು. ಬಿದ್ದ ಮೇಲೆ ಅಷ್ಟು ದೊಡ್ಡದಾಗಿ ಅವಳು ಕೂಗಿರಲಿಲ್ಲ. "ಯಾರಾಂವ ಅಂವ, ನನ್ನ ಹೊಸ್ತಿಲದಾಗ ನಿಂತು ಹತ್ತಿಗೆ ಧೂಳನ್ನಾಂವ? ಒಳಗ ಕರದುಕೊಂಡು ಬಾ ಅವನ್ನ, ಮಾರಿ ನೋಡ್ತೇನಿ! ಅಂವ ಉಟ್ಟ ಧೋತರ ಯಾತರದೈತಿ ಕೇಳು!"

ಸಾವ್ಕಾರರು ಒಂದೇ ಜಿಗಿತಕ್ಕೆ ಹೋಗಿ ದಲಾಲಿಯ ಬಾಯಿಗೆ ತಮ್ಮ ಅಂಗೈ ಒತ್ತಿದರು. ಅವರ ಮುಖ ಬೆವರಿತ್ತು. ಇನ್ನೊಂದು ಸಲ ಅವನು ಆ ಶಬ್ದ ಅಂದಿದ್ದರೆ ಆ ಟ್ರ್ಯಾಕ್ಟರುಗಳು ಅಲ್ಲಿಂದಲೇ ತಿರುಗಿ ಬೇರೆ ಪೇಟೆಯ ಹಾದಿ ಹಿಡಿಯುತ್ತಿದ್ದವು, ಅದು ಅವರಿಗೆ ಗೊತ್ತಿತ್ತು. ದಲಾಲಿಯನ್ನು ಗೋಡೆಗೆ ನಿಲ್ಲಿಸಿ, ಮಾಲಕರನ್ನು ಸರಿಸಿ, ಜನರ ನಡುವೆ ದಾರಿ ಮಾಡಿಕೊಂಡು ಅವರು ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ಯಾರೂ ನೋಡಿರಲಿಲ್ಲ.

ಅಂಗಡಿಗೆ ಹೋಗಿರಬೇಕು ಅಂದುಕೊಂಡೆವು. ಅಂಗಡಿಯಲ್ಲಿದ್ದ ಉಳಿದ ಮಷಿನ್ನುಗಳು ಮಾರಾಟವಾಗಿದ್ದವು. ಅವರು ಹೋದದ್ದು ಮನೆಗೆ. ತಿರುಗಿ ಬಂದಾಗ ಎದೆಗವುಚಿ ಹಿಡಿದದ್ದು ತಮ್ಮದೇ ಮನೆಯ ಪ್ರೊಜೆಕ್ಟರನ್ನು, ದೊಡ್ಡದನ್ನು, ನಮ್ಮದರ ಎರಡು ಪಟ್ಟಿನದನ್ನು. ಹಿಂದೆ ಅವರ ಹೆಂಡತಿ "ನನ್ನ ಧಾರಾವಾಹಿ ಅರ್ಧಕ್ಕ ಬಿಟ್ಟೈತ್ರಿ, ಇವತ್ತ ಆಕಿ ಗಂಡ ಸಿಗಾಂವ ಇದ್ದ" ಎನ್ನುತ್ತ ಬರುತ್ತಿದ್ದಳು. ಜನ ದಾರಿ ಬಿಟ್ಟರು. ಯಾರೂ ನಗಲಿಲ್ಲ, ಅಥವಾ ನಕ್ಕವರು ಹಿಂದೆ ಇದ್ದರು.

ಸಾವ್ಕಾರರು ತಾವೇ ಮಂಚದ ಪಕ್ಕ ಮೊಣಕಾಲೂರಿ ಅದನ್ನು ಅಂಗಾತ ಇಟ್ಟರು. ಮನೆಯವರು ಫೋನು ಹಚ್ಚಿದರು. ಧೋತರ ಬೆಳಗಿತು. ಧೋತರದ ಆಚೆಗೂ ಚಿತ್ರ ಚೆಲ್ಲಿ ತೊಲೆಗಳ ಮೇಲೆ, ಗೋಡೆಯ ಮೇಲೆ ಕುಸ್ತಿಯ ಜನ ಕೂತರು. ಬಿಟ್ಟಲ್ಲಿಂದಲೇ ಶುರುವಾಯಿತು. ಅವನು ಇನ್ನೂ ಎತ್ತಿ ಹಿಡಿದಿದ್ದ. ಅತ್ತೆ ಉಸಿರು ಬಿಗಿಹಿಡಿದಳು, ಸಾವ್ಕಾರರೂ ಮೇಲೆ ನೋಡುತ್ತ ಬಿಗಿಹಿಡಿದರು. ಅವನು ಎತ್ತಿದವನನ್ನು ಕೆಡವಿದ.

"ಚಿತ್!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಆ ದನಿಗೆ ಗೋಡೆಯ ಗೂಡಿನಲ್ಲಿಟ್ಟ ಹಿತ್ತಾಳೆ ತಂಬಿಗೆ ನಾದ ಕೊಟ್ಟಿತು. ಹೊರಗೆ ಓಣಿಯಲ್ಲಿ ಹೋ ಎಂದು ಸದ್ದೆದ್ದಿತು. ಸಾವ್ಕಾರರು ಗಂಟಲು ಮುಟ್ಟಿ ನೋಡಿಕೊಂಡು, ಇನ್ನೊಮ್ಮೆ ಸುಮ್ಮನೆ "ಹೋಯ್" ಎಂದು ಕೂಗಿ ಪರೀಕ್ಷೆ ಮಾಡಿದರು.

"ಏ ವೃಷಭ್ಯಾ, ಕಿವಿ ಹರೀಬ್ಯಾಡ" ಎಂದಳು ಅತ್ತೆ.

"ಆತು ತುಂಗಕ್ಕಾ, ಆತು" ಎಂದರು ಅವರು, ನಗುವೋ ಅಳುವೋ ತಿಳಿಯದಂತೆ. ಪೇಟೆಗೆ ತಿರುಗಿ ಹೋಗುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಹತ್ತಿಯೂ ಅಲ್ಲೇ, ಕೊಳ್ಳುವವರೂ ಅಲ್ಲೇ. ಅವರು ನಮ್ಮ ಕಟ್ಟೆಯ ಮೇಲೆಯೇ ನಿಂತು ಆ ದಿನದ ಲಿಲಾವು ಕೂಗಿದರು. ಅತ್ತೆ ಕಿಡಕಿ ತೆರೆಸಿ, ಚಿತ್ರದ ಸದ್ದು ಕಡಿಮೆ ಮಾಡಿಸಿ, ಒಂದೊಂದು ರಾಶಿಗೂ "ಅಷ್ಟಕ್ಕ ಬಿಡಬ್ಯಾಡ" ಎಂದು ಒಳಗಿನಿಂದ ಕೂಗುತ್ತಿದ್ದಳು. ಬಿಡಲಿಲ್ಲ. ಆ ದಿನ ನಮ್ಮ ಕಟ್ಟೆಯ ಮೇಲೆ ಏರಿದಷ್ಟು ದರ ಆ ಸುಗ್ಗಿಯಲ್ಲಿ ಮತ್ತೆ ಏರಲಿಲ್ಲವೆಂದು ರೈತರು ಇವತ್ತಿಗೂ ಹೇಳುತ್ತಾರೆ. ಸಂಜೆ ಮಾಲಕರು ಮನೆಯವರಿಗೆ "ನಿನ್ನ ಹೇಣ್ತಿಗೆ ಹೇಳಪಾ, ನಮ್ಮ ಯಂತ್ರ ಕೊಳ್ಳೂ ಮುಂದೂ ಆಕಿನ ಬರಲಿ" ಎಂದರಂತೆ.

ಹೋಗುವ ಮುಂಚೆ ಸಾವ್ಕಾರರು ನಮ್ಮ ಹಳೆಯ ಮಷಿನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತರು. "ಇದನ್ನ ರಿಪೇರಿಗೆ ಕಳಿಸ್ತೇನಿ ಕಾಶವ್ವಾ."

"ಅಲ್ಲೀಮಟ ಇದು ನಮ್ಮ ಕಡೆ ಇರ್ತೈತೇನ್ರಿ? ಎಷ್ಟ ದಿನಾ?" ಎಂದೆ.

ಅವರ ಗಂಟಲಲ್ಲಿ ದನಿ ಹೊಸದಾಗಿ ತುಂಬಿತ್ತು, ದರ ಏರಿತ್ತು, ಜನ ಜೈ ಅಂದಿದ್ದರು. ಅವರು ತಮ್ಮ ಮಷಿನ್ನಿನ ಮೇಲೆ ಕೈಯಿಟ್ಟು, ಬಾಳಿನಲ್ಲಿ ಮೊದಲ ಸಲ 'ಆದರ' ಎನ್ನುವುದನ್ನು ಮರೆತು ಹೇಳಿದರು, "ನಿಮ್ಮತ್ತಿ ಸಾಕು ಅನ್ನೂಮಟ ಇರಲಿ."

ಹೇಳಿದ ಮೇಲೆ ಅವರ ಮುಖ ಬದಲಾಯಿತು. ಮಂಚದ ಮೇಲಿದ್ದ ಅತ್ತೆ ತಲೆ ಹೊರಳಿಸದೆಯೇ ನಕ್ಕಳು.

ನಮ್ಮ ಸಣ್ಣ ಮಷಿನ್ನು ರಿಪೇರಿಯಾಗಿ ಬಂತು. ದೊಡ್ಡದರ ಬದಲಿಗೆ ಅದು ಸಾವ್ಕಾರರ ಮನೆಯ ಗೋಡೆಯ ಮೇಲೆ ಅವರ ಹೆಂಡತಿಯ ಧಾರಾವಾಹಿ ತೋರಿಸುತ್ತಿದೆ. ದೊಡ್ಡದರ ಹೆಚ್ಚಿನ ಬೆಲೆ ನಾವು ಕೊಡಬೇಕಾದದ್ದು ಹಾಗೆಯೇ ಬಾಕಿ ಇದೆ. ಕೇಳಿದರೆ ಕೊಟ್ಟ ಮಾತು ಮುರಿದಂತೆ, ಹಾಗಾಗಿ ಅವರು ಕೇಳುವಂತಿಲ್ಲ, ಕೇಳಿಯೂ ಇಲ್ಲ. ಹಬ್ಬಕ್ಕೆ ಬಂದಾಗಲೊಮ್ಮೆ "ಏನ ತುಂಗಕ್ಕಾ, ಕಣ್ಣ ನೋಯೂದಿಲ್ಲೇನು?" ಎಂದು ವಿಚಾರಿಸಿ, 'ಸಾಕು' ಎಂಬ ಉತ್ತರಕ್ಕೆ ಕಿವಿಯಾನಿಸಿ ಕೂರುತ್ತಾರೆ.

ಅತ್ತೆ ಈಗ ದಿಂಬಿಗೆ ಒರಗಿ ಕೂರುವಷ್ಟಾಗಿದ್ದಾಳೆ. ಮನಬಂದಂತೆ ಮಾತಾಡುತ್ತಾಳೆ, ಯಾರಿಗೂ ಹೆದರುವುದಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ ಬಾಯಿ ಬಿಗಿಹಿಡಿಯುತ್ತಾಳೆ. ಅನ್ನ ಹೆಚ್ಚಾಯಿತೆಂದರೆ ತಾಟಿಗೆ ಕೈ ಅಡ್ಡ ಹಿಡಿಯುತ್ತಾಳೆ, ನಾನು ನೋಡದಿದ್ದರೆ ಬಳೆ ಬಡಿಯುತ್ತಾಳೆ. ಆದರೆ ಆ ಒಂದು ಶಬ್ದವನ್ನು ಎಂದೂ ಅನ್ನುವುದಿಲ್ಲ.